ಬಣ್ಣದ ಚುಚ್ಚುಮದ್ದಿಗಿಂತ ಮೊದಲು ಬೆಳಕಿನ ಚಿಕಿತ್ಸೆ ಬರಲಿ

ಮೈ ಕಪ್ಪಾಗಿಸುವ ಚುಚ್ಚುಮದ್ದೊಂದಿದೆ, ಅದಕ್ಕೆ ವಿದೇಶಗಳಲ್ಲಿ ಜನ ದುಡ್ಡು ಸುರಿಯುತ್ತಾರೆ ಎಂದರೆ ಬಸವಾಪಟ್ಟಣದಲ್ಲಿ ಯಾರೂ ಸುಲಭಕ್ಕೆ ನಂಬಲಿಕ್ಕಿಲ್ಲ. ಸೂಳೆಕೆರೆ ಮತ್ತು ಭದ್ರಾ ನಾಲೆಯ ನೀರಿನ ಆಸರೆಯಲ್ಲಿ ಗದ್ದೆ, ಅಡಿಕೆ ತೋಟಗಳಲ್ಲಿ ದುಡಿಯುವವರಿಗೆ ಬಿಸಿಲೇ ಬೇಕಾದಷ್ಟು ಬಣ್ಣ ಕೊಡುತ್ತದೆ. ಅದನ್ನು ಕಳೆಯುವ ಕ್ರೀಮು ಕೇಳಿಕೊಂಡು ಮೆಡಿಕಲ್ ಸ್ಟೋರಿಗೆ ಹೋಗುವವರೇ ಜಾಸ್ತಿ. ಹಾಗಾಗಿ ಮೆಲನೋಟಾನ್ ಹೆಸರಿನ ಕೃತಕ ಪೆಪ್ಟೈಡ್‌ಗಳ ಸುದ್ದಿಯನ್ನು ಬಿಳಿಯರ ಖಯಾಲಿ ಎಂದು ತಳ್ಳಿಹಾಕುವುದು ಸುಲಭ. ತಳ್ಳಿಹಾಕಿದರೆ ನಮ್ಮ ನಡುವೆಯೇ ಬಣ್ಣಕ್ಕಾಗಿ ವರ್ಷಗಟ್ಟಲೆ ಕಾದು ಕೂತವರನ್ನು ಮರೆತಂತಾಗುತ್ತದೆ. ಅವರು ತೊನ್ನು ಇರುವವರು. ಜಗತ್ತಿನ ಜನಸಂಖ್ಯೆಯಲ್ಲಿ ನೂರಕ್ಕೆ ಅರ್ಧದಿಂದ ಎರಡರಷ್ಟು ಮಂದಿಗೆ ತೊನ್ನು ಇದೆ ಎಂಬುದು ವೈದ್ಯರ ಅಂದಾಜು. ಈ ಬಗೆಯ ಪೆಪ್ಟೈಡ್‌ನಿಂದ ನಮ್ಮ ಕಡೆ ಯಾರಿಗಾದರೂ ಪ್ರಯೋಜನ ಆಗುವುದಿದ್ದರೆ ಅವರಿಗೇ ಆಗಬೇಕು. ಆದರೆ ಮೊಬೈಲ್‌ನಲ್ಲಿ ತರಿಸಿಕೊಂಡ ಸೀಸೆ ಅವರನ್ನು ಅಲ್ಲಿಗೆ ಮುಟ್ಟಿಸಲಾರದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಳಕಿನ ಚಿಕಿತ್ಸೆ ಸಿಗುವಂತಾಗುವುದೇ ಅದರ ಮೊದಲ ಮೆಟ್ಟಿಲು.

ಮದ್ದಿನ ಕಥೆ ಹೀಗಿದೆ. ಬಿಸಿಲು ತಾಗಿದಾಗ ಚರ್ಮದಲ್ಲಿ 13 ಅಮೈನೋ ಆಮ್ಲಗಳ ಒಂದು ಸಣ್ಣ ಹಾರ್ಮೋನು ಹುಟ್ಟುತ್ತದೆ. ಅದು ಬಣ್ಣದ ಕೋಶಗಳಾದ ಮೆಲನೋಸೈಟ್‌ಗಳಿಗೆ ಹೋಗಿ ಮೆಲನಿನ್ ತಯಾರಿಸಿ ಎಂದು ಸೂಚನೆ ಕೊಡುತ್ತದೆ. ಸಹಜ ಹಾರ್ಮೋನು ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ವಿಕ್ಟರ್ ಹ್ರೂಬಿ, ಮ್ಯಾಕ್ ಹ್ಯಾಡ್ಲಿ ಮತ್ತು ಅವರ ಸಂಗಡಿಗರು 1980ರಲ್ಲಿ ಅದರ ನಾಲ್ಕನೆಯ ಮತ್ತು ಏಳನೆಯ ಅಮೈನೋ ಆಮ್ಲಗಳನ್ನು ಬದಲಿಸಿ, ಹೆಚ್ಚು ಕಾಲ ಬಾಳುವ, ಹೆಚ್ಚು ಪ್ರಬಲವಾದ ರೂಪವೊಂದನ್ನು ಕಟ್ಟಿದರು. ಇಂದು ಅದರ ಹೆಸರು ಅಫಾಮೆಲನೋಟೈಡ್. ಬೆಳಕು ತಾಕಿದರೆ ಚರ್ಮ ಸುಟ್ಟಂತೆ ನೋಯುವ ಎರಿತ್ರೋಪೊಯಿಟಿಕ್ ಪ್ರೊಟೊಪಾರ್ಫಿರಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆಗೆ ಯುರೋಪು 2014ರಲ್ಲಿ, ಅಮೆರಿಕ 2019ರಲ್ಲಿ ಇದನ್ನು ಔಷಧವೆಂದು ಒಪ್ಪಿಕೊಂಡವು. 16 ಮಿಲಿಗ್ರಾಂ ಮದ್ದು ತುಂಬಿದ ಸಣ್ಣ ಕಡ್ಡಿಯಂಥದ್ದನ್ನು ವೈದ್ಯರೇ ಎರಡು ತಿಂಗಳಿಗೊಮ್ಮೆ ಚರ್ಮದಡಿ ಕೂರಿಸುತ್ತಾರೆ. ಬೆಲೆ ಮಾತ್ರ ಎದೆ ಒಡೆಯುವಂಥದ್ದು: ಬ್ರಿಟನ್ನಿನ ಆರೋಗ್ಯ ಇಲಾಖೆಗೆ ಸಲಹೆ ಕೊಡುವ ಸಂಸ್ಥೆ ಪರಿಶೀಲನೆಗೆ ತೆಗೆದುಕೊಂಡಾಗ ಒಂದು ಕಡ್ಡಿಯ ಪಟ್ಟಿ ಬೆಲೆ 12,020 ಪೌಂಡ್ ಇತ್ತು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ.

ಕಳ್ಳಪೇಟೆಯಲ್ಲಿ ಓಡಾಡುವುದು ಇದಲ್ಲ, ಇದರ ತಮ್ಮನಾದ ಮೆಲನೋಟಾನ್-2. ಅದೂ ಅರಿಜೋನಾದಲ್ಲೇ ಹುಟ್ಟಿದ್ದು. ಏಳೇ ಅಮೈನೋ ಆಮ್ಲಗಳ ಉಂಗುರ, ಬಲು ಚುರುಕು. ಚರ್ಮದ ಕೋಶಗಳಲ್ಲಿ ನಿಲ್ಲದೆ ಮಿದುಳಿನಲ್ಲಿ ಹಸಿವು, ಕಾಮಾಸಕ್ತಿಗಳನ್ನು ನಿಯಂತ್ರಿಸುವ ಕಡೆಗೂ ಅದು ಕೈ ಚಾಚುತ್ತದೆ. ವಾಕರಿಕೆ, ಮುಖ ಕೆಂಪೇರುವುದು, ಊಟ ಸೇರದಿರುವುದು, ಗಂಡಸರಲ್ಲಿ ಬೇಡದ ಉದ್ರೇಕ ಇವೆಲ್ಲ ಬರುವುದು ಅದರಿಂದಲೇ. ಮೈಮೇಲಿನ ಹಳೆಯ ಮಚ್ಚೆಗಳು ಕಪ್ಪಾಗುತ್ತವೆ, ಹೊಸವು ಏಳುತ್ತವೆ. ಹೀಗಾಗಿ ಕ್ಯಾನ್ಸರ್ ಆಗುತ್ತಿರುವ ಮಚ್ಚೆಯನ್ನು ಬೇರ್ಪಡಿಸಿ ಗುರುತಿಸುವುದು ಚರ್ಮವೈದ್ಯರಿಗೂ ಕಷ್ಟ. ಸ್ನಾಯುಗಳು ಕರಗಿ ಆಸ್ಪತ್ರೆ ಸೇರಿದವರ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಯಾವ ದೊಡ್ಡ ದೇಶವೂ ಮೈಬಣ್ಣಕ್ಕೆಂದು ಇದನ್ನು ಒಪ್ಪಿಲ್ಲ; ಅಮೆರಿಕ 2007ರಲ್ಲಿ, ಬ್ರಿಟನ್ 2008ರಲ್ಲಿ ಎಚ್ಚರಿಕೆ ಕೊಟ್ಟವು. ಆದರೂ ಬಿಳಿ ಪುಡಿಯ ಪುಟ್ಟ ಸೀಸೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಮೇಲೆ ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ ಇರುತ್ತದೆ, ಒಳಗೆ ಎಷ್ಟು ಮದ್ದಿದೆ, ಎಷ್ಟು ಕಸರಿದೆ ಎಂದು ಹೇಳುವವರಿಲ್ಲ. ಕೊಂಡವರು ತಾವೇ ನೀರು ಬೆರೆಸಿ, ಇನ್ಸುಲಿನ್ ಸಿರಿಂಜಿನಲ್ಲಿ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುತ್ತಾರೆ. ಈಚೆಗೆ ಮೂಗಿಗೆ ಹೊಡೆಯುವ ಸ್ಪ್ರೇ ರೂಪದಲ್ಲೂ ಮಾರುತ್ತಾರೆ.

ಹಾಗಾದರೆ ತೊನ್ನಿಗೆ ಇದರಿಂದ ಆಗುವ ಉಪಕಾರ ಏನು? ತೊನ್ನಿನಲ್ಲಿ ದೇಹದ ರಕ್ಷಣಾ ಪಡೆ ತನ್ನದೇ ಮೆಲನೋಸೈಟ್‌ಗಳನ್ನು ಕೊಲ್ಲುತ್ತದೆ. ಅದು ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ, ಮೀನು ತಿಂದು ಹಾಲು ಕುಡಿದರೆ ಬರುವುದೂ ಅಲ್ಲ. ಮೇಲ್ಮೈಯ ಕೋಶಗಳು ಸತ್ತರೂ ಕೂದಲ ಬುಡದಲ್ಲಿ ಒಂದಿಷ್ಟು ಕೋಶಗಳು ಅಡಗಿ ಉಳಿದಿರುತ್ತವೆ. ಚಿಕಿತ್ಸೆ ಹತ್ತಿದಾಗ ಬಿಳಿ ಕಲೆಯ ನಡುವೆ, ಒಂದೊಂದು ಕೂದಲ ಸುತ್ತ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಮೊದಲು ಕಾಣಿಸುತ್ತದೆ. ತಿಂಗಳುಗಳು ಕಳೆದಂತೆ ಚುಕ್ಕೆಗಳು ಹಿಗ್ಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೂದಲೇ ಇಲ್ಲದ ತುಟಿ, ಬೆರಳ ತುದಿಗಳಲ್ಲಿ ಬಣ್ಣ ಮರಳುವುದು ಕಷ್ಟ ಏಕೆಂದು ಇದರಿಂದಲೇ ತಿಳಿಯುತ್ತದೆ. ಅಡಗಿದ ಆ ಕೋಶಗಳನ್ನು ಎಬ್ಬಿಸಿ ಮೇಲೆ ತರುವುದು ಬೆಳಕು. ಎದ್ದ ಕೋಶಗಳಿಗೆ ಬಣ್ಣ ಮಾಡಲು ಹೆಚ್ಚಿನ ಹುರುಪು ಕೊಡುವುದು ಪೆಪ್ಟೈಡ್. 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 55 ಮಂದಿ ಇದ್ದರು. ಅರ್ಧದಷ್ಟು ಮಂದಿಗೆ ನ್ಯಾರೋಬ್ಯಾಂಡ್ ಅಲ್ಟ್ರಾವಯಲೆಟ್-ಬಿ ಬೆಳಕು ಮಾತ್ರ, ಉಳಿದವರಿಗೆ ಬೆಳಕಿನ ಜತೆಗೆ ಅಫಾಮೆಲನೋಟೈಡ್. 168ನೆಯ ದಿನ ನೋಡಿದಾಗ ಬೆಳಕು ಮಾತ್ರ ಪಡೆದವರಲ್ಲಿ ಸರಾಸರಿ ಶೇ 33ರಷ್ಟು, ಎರಡನ್ನೂ ಪಡೆದವರಲ್ಲಿ ಶೇ 48ರಷ್ಟು ಬಣ್ಣ ಮರಳಿತ್ತು. ಕಪ್ಪು, ಕಂದು ಮೈಬಣ್ಣದವರಲ್ಲಿ ಫಲ ಇನ್ನೂ ಎದ್ದು ಕಂಡಿತು. ಈ ಲೆಕ್ಕವನ್ನು ಸರಿಯಾಗಿ ಓದಬೇಕು. ಪೆಪ್ಟೈಡ್ ಸೇರಿಸಿದ್ದು ಹದಿನೈದರಷ್ಟು, ಬೆಳಕೊಂದೇ ಕೊಟ್ಟದ್ದು ಅದರ ಎರಡರಷ್ಟು. ಬೆಳಕಿಲ್ಲದೆ ಪೆಪ್ಟೈಡ್ ಮಾತ್ರ ಕೊಟ್ಟ ಗುಂಪು ಆ ಪ್ರಯೋಗದಲ್ಲಿ ಇರಲೇ ಇಲ್ಲ.

ಬಣ್ಣದ ಮದ್ದಿಗೆ ಬೆಳಕು ಜೊತೆಯಾಗಬೇಕೆಂಬುದು ನಮಗೆ ಹೊಸದೇನೂ ಅಲ್ಲ. ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವುದು ನಮ್ಮ ವೈದ್ಯಪದ್ಧತಿಯ ಹಳೆಯ ಕ್ರಮ. ಆ ಬೀಜದೊಳಗಿನ ಸೊರಾಲೆನ್ ಎಂಬ ವಸ್ತುವನ್ನು ಬೇರ್ಪಡಿಸಿ 1933ರಲ್ಲಿ ಲೋಕಕ್ಕೆ ತಿಳಿಸಿದವರು ಬೆಂಗಳೂರಿನ ರಸಾಯನ ವಿಜ್ಞಾನಿಗಳಾದ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್. 1940ರ ದಶಕದಲ್ಲಿ ಈಜಿಪ್ಟಿನ ಎಲ್ ಮೊಫ್ತಿ ಅದೇ ಜಾತಿಯ ವಸ್ತುವನ್ನು ಬೇರೊಂದು ಗಿಡದಿಂದ ಪಡೆದು ತೊನ್ನಿಗೆ ಕೊಟ್ಟರು. 1970ರ ದಶಕದಲ್ಲಿ ಸೊರಾಲೆನ್ ಮತ್ತು ಯಂತ್ರದ ಬೆಳಕು ಸೇರಿ ಜಗತ್ತಿನ ಆಸ್ಪತ್ರೆಗಳಿಗೆ ಬಂದವು. ಈ ದೀರ್ಘ ಅನುಭವ ಕಲಿಸಿದ್ದು ಒಂದೇ: ಮದ್ದು ಎಷ್ಟು ಎಂಬುದಕ್ಕಿಂತ ಬೆಳಕು ಎಷ್ಟು ಎಂಬ ಲೆಕ್ಕ ತಪ್ಪಿದರೆ ಅನಾಹುತ. ಬಾವಂಚಿ ಹಚ್ಚಿಕೊಂಡು ಅಂದಾಜಿನ ಮೇಲೆ ಬಿಸಿಲಿಗೆ ಕುಳಿತರೆ ಬೊಬ್ಬೆ ಏಳುತ್ತದೆ. ಚರ್ಮಕ್ಕೆ ಗಾಯವಾದ ಜಾಗದಲ್ಲೇ ತೊನ್ನು ಹೊಸದಾಗಿ ಹಬ್ಬುವುದೂ ಉಂಟು.

ಇಲ್ಲೊಂದು ಆಕ್ಷೇಪ ಸಹಜವಾಗಿ ಬರುತ್ತದೆ. ಜಗಳೂರಿನಲ್ಲೂ ಬಸವಾಪಟ್ಟಣದಲ್ಲೂ ಬಿಸಿಲಿಗೇನು ಬರವೇ, ಯಂತ್ರ ಏಕೆ ಬೇಕು ಎಂದು. ಬಿಸಿಲಿನಲ್ಲಿ ಎಲ್ಲ ಬಗೆಯ ಕಿರಣಗಳೂ ಬೆರೆತಿರುತ್ತವೆ. ಋತು, ಹೊತ್ತು, ಮೋಡಕ್ಕೆ ತಕ್ಕಂತೆ ಅದರ ತೀಕ್ಷ್ಣತೆ ಬದಲಾಗುತ್ತದೆ. ಕಣದಲ್ಲಿ ಅಡಿಕೆ ಹರವುವಾಗ, ಗದ್ದೆಯಲ್ಲಿ ನಾಟಿ ಮಾಡುವಾಗ ಬಣ್ಣವಿಲ್ಲದ ಕಲೆಗಳೇ ಮೊದಲು ಉರಿಯುತ್ತವೆ. ನ್ಯಾರೋಬ್ಯಾಂಡ್ ಯಂತ್ರ ಸುಮಾರು 311 ನ್ಯಾನೋಮೀಟರ್ ಅಲೆಯ ಕಿರಣವನ್ನಷ್ಟೇ, ಸೆಕೆಂಡುಗಳ ಲೆಕ್ಕದಲ್ಲಿ, ಭೇಟಿಯಿಂದ ಭೇಟಿಗೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಕೊಡುತ್ತದೆ. ಸೊರಾಲೆನ್ ಮಾತ್ರೆಯ ಹಂಗಿಲ್ಲ. ಗರ್ಭಿಣಿಯರಿಗೂ ಮಕ್ಕಳಿಗೂ ಕೊಡಬಹುದಾದ ಚಿಕಿತ್ಸೆ ಎಂದು ಚರ್ಮವೈದ್ಯರು ಇದನ್ನು ನೆಚ್ಚುವುದು ಈ ಕಾರಣಕ್ಕೆ.

ತೊಡಕಿರುವುದು ದೂರದಲ್ಲಿ. ಬೆಳಕಿನ ಚಿಕಿತ್ಸೆಯನ್ನು ವಾರಕ್ಕೆ ಎರಡು ಮೂರು ಸಲ ತೆಗೆದುಕೊಳ್ಳಬೇಕು. ಕನಿಷ್ಠ 72 ಸಲವಾದರೂ ಆಗದೆ ಇದು ನಿಮಗೆ ಹತ್ತುವುದಿಲ್ಲ ಎಂಬ ತೀರ್ಮಾನಕ್ಕೆ ಬರಬಾರದು ಎನ್ನುವುದು ತಜ್ಞರ ಗುಂಪೊಂದು ಕೊಟ್ಟ ಸಲಹೆ. ದಾವಣಗೆರೆಯಲ್ಲಿ ಜಿಲ್ಲಾಸ್ಪತ್ರೆ ಇದೆ, ಎರಡು ವೈದ್ಯಕೀಯ ಕಾಲೇಜುಗಳಿವೆ. ಬಸವಾಪಟ್ಟಣದ ಕೂಲಿಕಾರ ಹೆಣ್ಣುಮಗಳು ಅಲ್ಲಿಗೆ ಬಸ್ಸು ಹಿಡಿದು ಹೋಗಿ, ಸರದಿಯಲ್ಲಿ ನಿಂತು, ಒಂದೆರಡು ನಿಮಿಷದ ಬೆಳಕು ಪಡೆದು ವಾಪಸು ಬರುವ ಹೊತ್ತಿಗೆ ಆ ದಿನದ ಕೂಲಿ ಹೋಯಿತು. 72 ಸಲ ಎಂದರೆ 72 ದಿನದ ಕೂಲಿ, ಮೇಲೆ ಬಸ್ ಚಾರ್ಜು. ಏಳೆಂಟು ಸಲ ಹೋಗಿ ಬಿಟ್ಟುಬಿಡುವುದು ಇಂಥವರ ಪಾಲಿಗೆ ಸೋಮಾರಿತನವಲ್ಲ, ಲೆಕ್ಕಾಚಾರ. ಹಾಗೆ ಬಿಟ್ಟವರ ಮುಂದೆಯೇ ಒಂದೇ ಡೋಸಿನಲ್ಲಿ ಗುಣ ಎನ್ನುವ ಜಾಹೀರಾತು ಬಂದು ನಿಲ್ಲುತ್ತದೆ. ಮೊದಲು ಅದು ಗೋಡೆಯ ಮೇಲಿತ್ತು, ಈಗ ಮೊಬೈಲಿನಲ್ಲಿದೆ. ಪೆಪ್ಟೈಡ್ ಸೀಸೆಯೂ ನಾಳೆ ಅದೇ ದಾರಿಯಲ್ಲಿ ಬರಬಹುದು. ಚಿಕಿತ್ಸೆ ಹತ್ತಿರ ಸಿಗದ ಕಡೆ ಕಳ್ಳಮದ್ದಿಗೆ ಗಿರಾಕಿಗಳನ್ನು ಹುಡುಕಬೇಕಾಗಿಲ್ಲ.

ತೊನ್ನು ಪ್ರಾಣ ತೆಗೆಯುವ ಕಾಯಿಲೆಯಲ್ಲ, ಹಾವು ಕಡಿದವರಿಗೆ ಮದ್ದು ಸಾಲದ ಕಡೆ ಇದಕ್ಕೆ ಸರ್ಕಾರ ದುಡ್ಡು ಹಾಕಬೇಕೇ ಎಂಬ ಪ್ರಶ್ನೆಯಲ್ಲಿ ತೂಕವಿದೆ. ಹಾವಿನ ಮದ್ದು ಮೊದಲು ಎಂಬುದರಲ್ಲಿ ತಕರಾರಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ದೊಡ್ಡ ಕಟ್ಟಡವನ್ನಲ್ಲ. ಬ್ರಿಟನ್ನಿನಲ್ಲಿ 517 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೈಯಲ್ಲಿ ಹಿಡಿಯುವ ಪುಟ್ಟ ಬೆಳಕಿನ ಯಂತ್ರವನ್ನು ರೋಗಿಗಳ ಮನೆಗೇ ಕೊಟ್ಟರು. ಒಂಬತ್ತು ತಿಂಗಳ ನಂತರ, ಸ್ಟೀರಾಯ್ಡ್ ಮುಲಾಮು ಮಾತ್ರ ಹಚ್ಚಿದವರಲ್ಲಿ ಶೇ 17, ಬೆಳಕು ಮಾತ್ರ ಪಡೆದವರಲ್ಲಿ ಶೇ 22, ಎರಡನ್ನೂ ಬಳಸಿದವರಲ್ಲಿ ಶೇ 27 ಮಂದಿ ಕಲೆ ಬಹುಮಟ್ಟಿಗೆ ಮಾಸಿದೆ ಎಂದರು. ಇದು ಪವಾಡವಲ್ಲ, ಚಿಕಿತ್ಸೆ ನಿಲ್ಲಿಸಿದ ಮೇಲೆ ಕೆಲವರಲ್ಲಿ ಕಲೆ ಮರಳಿತು ಎಂಬುದೂ ಅದೇ ವರದಿಯಲ್ಲಿದೆ. ಆದರೂ ಕಲಿಸಿಕೊಟ್ಟರೆ ಆಸ್ಪತ್ರೆಯ ಆಚೆಗೂ ಈ ಚಿಕಿತ್ಸೆ ನಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಯಂತ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಇರಲಿ, ತರಬೇತಾದ ನರ್ಸ್ ಬೆಳಕು ಕೊಡಲಿ, ತಿಂಗಳಿಗೊಮ್ಮೆ ಚರ್ಮವೈದ್ಯರು ಬಂದು ನೋಡಲಿ. ಮದುವೆ ಮುರಿದಾಗ, ಅಂಗಡಿಯ ಕೆಲಸ ಕೈತಪ್ಪಿದಾಗ, ಮಗು ಶಾಲೆಗೆ ಹೋಗಲೊಲ್ಲೆ ಎಂದಾಗ ಆಗುವ ನಷ್ಟ ಯಾವ ಬಜೆಟ್ ಪುಸ್ತಕದಲ್ಲೂ ಬರೆದಿರುವುದಿಲ್ಲ ಎಂಬ ಕಾರಣಕ್ಕೆ ಅದು ನಷ್ಟವಲ್ಲ ಎನ್ನಲಾಗದು.

ಇನ್ನು ಕೊನೆಯ ಆಕ್ಷೇಪ. ನಮ್ಮವರಿಗೆ ಬೆಳ್ಳಗಾಗುವ ಆಸೆ, ಕಪ್ಪಾಗುವ ಚುಚ್ಚುಮದ್ದಿಗೆ ಇಲ್ಲಿ ಗಿರಾಕಿ ಇಲ್ಲ, ಅದನ್ನು ತಡೆಯುವ ಕಾನೂನಿನ ಮಾತು ಈಗಲೇ ಏಕೆ? ಸ್ಟೀರಾಯ್ಡ್ ಮುಲಾಮಿನ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಬೆಟಮೆಥಸೋನ್, ಕ್ಲೋಬೆಟಸಾಲ್ ತೊನ್ನಿಗೂ ಇಸುಬಿಗೂ ಕೊಡುವ ಒಳ್ಳೆಯ ಔಷಧಗಳೇ. ಚೀಟಿಯಿಲ್ಲದೆ ಕೌಂಟರಿನಲ್ಲಿ ಸಿಕ್ಕಿ, ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚಿಕೊಂಡಾಗ ಅವೇ ಚರ್ಮವನ್ನು ತೆಳುವಾಗಿಸಿ, ಮೊಡವೆ ಎಬ್ಬಿಸಿ, ಬಿಟ್ಟರೆ ಉರಿ ಎನ್ನುವ ಸ್ಥಿತಿಗೆ ತಂದವು. ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯ ಕಟ್ಟುಪಾಡಿಗೆ ತಂದದ್ದು 2018ರಲ್ಲಿ, ಮುಖಗಳು ಕೆಟ್ಟ ಎಷ್ಟೋ ವರ್ಷಗಳ ಮೇಲೆ. ತೊನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ, ಬೇಕಿರುವುದು ಜಾರಿ. ದೊಡ್ಡವರು ತಮ್ಮ ಮೈಯನ್ನು ತಮಗೆ ಬೇಕಾದಂತೆ ಇಟ್ಟುಕೊಳ್ಳಲಿ ಎಂಬ ವಾದವೂ ಉಂಟು. ಒಳಗೇನಿದೆ ಎಂದು ತಿಳಿಸದ ಸೀಸೆಯನ್ನು ಕೊಳ್ಳುವುದು ಆಯ್ಕೆಯಾಗದು, ಜೂಜಾಗುತ್ತದೆ.

ಅಫಾಮೆಲನೋಟೈಡ್‌ಗೂ ಇಲ್ಲಿ ಜಾಗವಿದೆ. ಆದರೆ ಅದು ಕಲೆಯ ಸುತ್ತಲಿನ ಸಹಜ ಚರ್ಮವನ್ನೂ ಗಾಢವಾಗಿಸುತ್ತದೆ. ಕಂದು ಮೈಯವರಲ್ಲಿ ಕಲೆ ತುಂಬುವ ತನಕ ಅಂತರ ಇನ್ನಷ್ಟು ಎದ್ದು ಕಂಡೀತು. ಬಣ್ಣದ ಬಗ್ಗೆ ನಮ್ಮ ಸಮಾಜಕ್ಕಿರುವ ಧೋರಣೆಯಲ್ಲಿ ಇದನ್ನು ಎಷ್ಟು ಮಂದಿ ಸಹಿಸಿಯಾರು, ಎಷ್ಟು ಡೋಸ್ ಸಾಕು, ಬೆಲೆ ಎಷ್ಟಕ್ಕೆ ಇಳಿಯಬೇಕು ಎಂಬುದನ್ನು ನಮ್ಮ ವೈದ್ಯಕೀಯ ಕಾಲೇಜುಗಳೇ ಪ್ರಯೋಗ ನಡೆಸಿ ಕಂಡುಕೊಳ್ಳಬೇಕು. ಬೆಳಕಿನ ಚಿಕಿತ್ಸೆಗೆ ನಿಯಮಿತವಾಗಿ ಬರುವ ರೋಗಿಗಳಿಲ್ಲದೆ ಅಂಥ ಪ್ರಯೋಗ ನಡೆಯುವುದೂ ಇಲ್ಲ, ಮದ್ದು ಬಂದರೂ ಫಲ ಕೊಡುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಜಿಲ್ಲಾಡಳಿತ ಮತ್ತು ಆರೋಗ್ಯ ಇಲಾಖೆ ಮಾಡಬೇಕಾದ ಮೊದಲ ಕೆಲಸ ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ಯಂತ್ರ ಮತ್ತು ಅವನ್ನು ನಡೆಸಬಲ್ಲ ನಾಲ್ವರು ನರ್ಸುಗಳನ್ನು ಒದಗಿಸುವುದು. ಬರುವ ಬಜೆಟ್ಟಿನಲ್ಲೇ ಅದನ್ನು ಕೇಳುವ ಕೆಲಸ ನಮ್ಮ ಶಾಸಕರದು, ಅವರನ್ನು ಕೇಳುವ ಕೆಲಸ ನಮ್ಮದು.