ಮಂಜೋ, ಮಾಲಿನ್ಯವೋ?

ಚಳಿಗಾಲದ ಬೆಳಿಗ್ಗೆ ಎದುರಿನ ಕಟ್ಟಡವೇ ಕಾಣದಷ್ಟು ಮಬ್ಬು ಕವಿದರೆ ಅದನ್ನು ಏನೆಂದು ಕರೆಯಬೇಕು? ಚೀನೀ ಭಾಷೆಯಲ್ಲಿ ಇದಕ್ಕೆ ಎರಡು ಪದಗಳಿವೆ. ‘ವೂ’ ಎಂದರೆ ಮಂಜು, ಅಂದರೆ ಗಾಳಿಯಲ್ಲಿ ತೇಲುವ ನೀರಿನ ಸೂಕ್ಷ್ಮ ಹನಿಗಳು. ‘ಮಾಯ್’ ಎಂದರೆ ಹೊಗೆ, ದೂಳಿನ ಒಣ ಕಣಗಳಿಂದಾದ ಮಬ್ಬು. 2011ರವರೆಗೂ ಬೀಜಿಂಗ್‌ನ ಸುದ್ದಿಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದುದು ಮೊದಲನೆಯ ಪದ. ಮಂಜಾದರೆ ಅದು ಪ್ರಕೃತಿಯ ಕೆಲಸ, ಅದಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ!

ನಿಜವಾದ ಪ್ರಶ್ನೆ ಇದ್ದುದು ಕಣಗಳ ಗಾತ್ರದಲ್ಲಿ. ಆಗ ನಗರಾಡಳಿತ ಪ್ರಕಟಿಸುತ್ತಿದ್ದ ಸೂಚ್ಯಂಕವು 10 ಮೈಕ್ರೋಮೀಟರ್‌ವರೆಗಿನ ಕಣಗಳನ್ನು ಲೆಕ್ಕ ಹಾಕುತ್ತಿತ್ತು. ಆದರೆ 2.5 ಮೈಕ್ರೋಮೀಟರ್‌ಗಿಂತ ಚಿಕ್ಕ ಕಣಗಳ (ಪಿ.ಎಂ. 2.5) ಲೆಕ್ಕ ಪ್ರತ್ಯೇಕವಾಗಿ ಜನರಿಗೆ ಸಿಗುತ್ತಿರಲಿಲ್ಲ. ಇವು ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತೈದನೆಯ ಒಂದು ಭಾಗದಷ್ಟು ಚಿಕ್ಕವು. ಮೂಗಿನ ರೋಮಗಳೂ ಲೋಳೆಯೂ ಇವನ್ನು ತಡೆಯಲಾರವು. ಶ್ವಾಸಕೋಶದ ಆಳಕ್ಕೆ ಇಳಿದು ರಕ್ತವನ್ನೂ ಸೇರಬಲ್ಲವು.

ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿ 2008ರಲ್ಲಿ ಒಂದು ಮಾಪಕವನ್ನಿಟ್ಟು ಈ ಕಣಗಳ ಪ್ರಮಾಣವನ್ನು ಗಂಟೆಗೊಮ್ಮೆ ಪ್ರಕಟಿಸತೊಡಗಿತು. ನಗರದ ಲೆಕ್ಕದಲ್ಲಿ ಅದು ‘ನೀಲಿ ಆಕಾಶದ ದಿನ’; ಈ ಮಾಪಕದ ಪ್ರಕಾರ ಉಸಿರಾಡಲು ಯೋಗ್ಯವಲ್ಲದ ದಿನ. 2011ರಲ್ಲಿ ಪಾನ್ ಷಿಯಿ ಎಂಬ ಪ್ರಸಿದ್ಧ ಉದ್ಯಮಿ ಈ ಅಂಕಿಗಳನ್ನು ‘ವೈಬೋ’ ಜಾಲತಾಣದಲ್ಲಿ ಹಂಚಿಕೊಂಡು ಜನಾಭಿಪ್ರಾಯ ಕೇಳಿದರು. ಪತ್ರಿಕೆಗಳೂ ವಿಷಯವನ್ನು ಎತ್ತಿಕೊಂಡವು. 2012ರ ಜನವರಿಯಲ್ಲಿ ಬೀಜಿಂಗ್ ತಾನೇ ಈ ಕಣಗಳ ಅಂಕಿ ಪ್ರಕಟಿಸಲು ಆರಂಭಿಸಿತು. ಅದೇ ವರ್ಷ ದೇಶದ ವಾಯು ಗುಣಮಟ್ಟದ ಮಾನದಂಡದಲ್ಲಿಯೂ ಅವು ಸೇರಿದವು.

2013ರ ಜನವರಿ 12ರ ರಾತ್ರಿ ರಾಯಭಾರ ಕಚೇರಿಯ ಮಾಪಕ ಘನಮೀಟರಿಗೆ 886 ಮೈಕ್ರೋಗ್ರಾಂ ತೋರಿಸಿತು. ಎರಡು ದಿನಗಳಲ್ಲಿ ಕಮ್ಯುನಿಸ್ಟ್ ಪಕ್ಷದ ಮುಖವಾಣಿಯಾದ ‘ಪೀಪಲ್ಸ್ ಡೈಲಿ’ ಮುಖಪುಟದಲ್ಲೇ ಆರೋಗ್ಯಕರ ಉಸಿರಾಟದ ಬಗ್ಗೆ ಬರೆಯಿತು. ಬೆಳಿಗ್ಗೆ ಎದ್ದೊಡನೆ ಮೊಬೈಲ್‌ನಲ್ಲಿ ಅಂಕಿ ನೋಡಿ, ಮಗುವಿಗೆ ಮುಖಗವಸು ಹಾಕಿ ಶಾಲೆಗೆ ಕಳಿಸುವುದು ಅಲ್ಲಿನ ಎಷ್ಟೋ ತಾಯಂದಿರ ದಿನಚರಿಯಾಯಿತು. 2014ರ ನವೆಂಬರ್‌ನಲ್ಲಿ ಏಪೆಕ್ ಶೃಂಗಸಭೆಗಾಗಿ ಕಾರ್ಖಾನೆಗಳನ್ನು ಮುಚ್ಚಿ, ಸಮ–ಬೆಸ ಸಂಖ್ಯೆಯ ಪ್ರಕಾರ ಕಾರುಗಳನ್ನು ತಡೆದಾಗ ಆಕಾಶ ತಿಳಿಯಾಯಿತು. ‘ಏಪೆಕ್ ನೀಲಿ’ ಎಂಬ ಹೊಸ ಮಾತು ಹುಟ್ಟಿತು. ಬಹುಕಾಲ ಉಳಿಯದ ಚೆಲುವಿಗೆ ಜನ ಕೊಟ್ಟ ಹೆಸರದು!

2015ರ ಫೆಬ್ರುವರಿ 28ರಂದು ಟಿ.ವಿ. ವರದಿಗಾರ್ತಿಯಾಗಿದ್ದ ಚಾಯ್ ಜಿಂಗ್, ‘ಅಂಡರ್ ದ ಡೋಮ್’ ಎಂಬ ಸಾಕ್ಷ್ಯಚಿತ್ರವನ್ನು ಸ್ವಂತ ಖರ್ಚಿನಲ್ಲಿ ತಯಾರಿಸಿ ಬಿಡುಗಡೆ ಮಾಡಿದರು. ಹೊಗೆ ಎಲ್ಲಿಂದ ಬರುತ್ತದೆ, ಕಾನೂನು ಏಕೆ ಜಾರಿಯಾಗುವುದಿಲ್ಲ ಎಂದು ಆಕೆ ಅಂಕಿ–ಅಂಶಗಳೊಂದಿಗೆ ಕೇಳಿದರು. ಹೊಸದಾಗಿ ಬಂದಿದ್ದ ಪರಿಸರ ಸಚಿವರೇ ಮೆಚ್ಚಿದರು. ಕೋಟ್ಯಂತರ ಜನ ನೋಡಿದರು. ಆದರೂ ಒಂದು ವಾರದ ಆಸುಪಾಸಿನಲ್ಲಿ ಆ ಚಿತ್ರ ಚೀನಾದ ಜಾಲತಾಣಗಳಿಂದ ಮಾಯವಾಯಿತು.

ಚಿತ್ರ ಹೋಯಿತು; ಅದು ಕೇಳಿದ ಕೆಲಸ ಮಾತ್ರ ನಡೆಯಿತು. ಮನೆ ಬೆಚ್ಚಗಿಡಲು ಕಲ್ಲಿದ್ದಲಿನ ಬದಲು ಅನಿಲ ಬಂತು, ನಗರದ ಕೊನೆಯ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ 2017ರಲ್ಲಿ ನಿಂತಿತು, ಹಳೆಯ ವಾಹನಗಳು ಗುಜರಿ ಸೇರಿದವು. 2013ರಲ್ಲಿ 89.5 ಇದ್ದ ವಾರ್ಷಿಕ ಸರಾಸರಿ 2021ರಲ್ಲಿ 33ಕ್ಕೆ ಇಳಿದು, ದೇಶದ ಮಿತಿಯಾದ 35ರೊಳಗೆ ಮೊದಲ ಬಾರಿಗೆ ಬಂದಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಮಾತ್ರ 5.

ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿ ಗಮನಿಸಬೇಕು. 886 ಒಂದು ಗಂಟೆಯ ಅಂಕಿ, 89.5 ಇಡೀ ವರ್ಷದ ಸರಾಸರಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪತ್ರಿಕೆಯಲ್ಲಿ ಗಾಳಿಯ ಅಂಕಿ ಕಂಡಾಗ ತಂದೆ–ತಾಯಿಯರೂ ಮಕ್ಕಳೂ ಜೊತೆಗೆ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಬಹುದು: ಅಳೆದದ್ದು ಯಾವ ಗಾತ್ರದ ಕಣ? ಎಷ್ಟು ಹೊತ್ತಿನ ಸರಾಸರಿ? ಹೋಲಿಸಿದ್ದು ಯಾರ ಮಿತಿಯೊಂದಿಗೆ? ಉತ್ತರ ಆ ಸುದ್ದಿಯಲ್ಲಿ ಇಲ್ಲದಿದ್ದರೆ, ಸಂಪಾದಕರಿಗೆ ಒಂದು ಪತ್ರ ಬರೆದು ಕೇಳುವುದೂ ವಿಜ್ಞಾನದ ಅಭ್ಯಾಸವೇ.