ಐದು ಸ್ಟಾರ್ ಗಾಡಿ, ಬೆಲ್ಟ್ ಹಾಕದ ಅವ್ವ

ನನ್ನ ತಮ್ಮ ಹೊಸಾ ಗಾಡಿ ತಗೊಂಡಾನ, ನಿಮಗೆಲ್ಲಾ ಗೊತ್ತೇ ಅದ. ಪೇಢೆ ಡಬ್ಬಿ ನಿಮ್ಮ ಮನಿಗೂ ಬಂದದ. ಫೋಕ್ಸ್‌ವ್ಯಾಗನ್ ಟೈಗುನ್, ಅದರಾಗೂ 1.5 ಲೀಟರ್ ಟರ್ಬೊ ಎಂಜಿನ್ನಿನ ಜಿಟಿ. ಎರಡು ತಿಂಗಳಿಂದ ತವರಮನಿ ವಾಟ್ಸಾಪ್ ಗುಂಪಿನ್ಯಾಗ ಬ್ಯಾರೆ ಸುದ್ದಿನೇ ಇಲ್ಲ. 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ, ಆರು ಏರ್‌ಬ್ಯಾಗ್, ಐದು ಸ್ಟಾರ್. ನಮ್ಮ ಮನಿಯವರು ಸಹಿತ ರಾತ್ರಿ ಊಟಕ್ಕ ಕೂತಾಗ "ಪಿಕಪ್ ಅಂದ್ರ ಅದು ಪಿಕಪ್" ಅಂತ ರೊಟ್ಟಿ ಮುರಕೋತ ಹೇಳತಾರ.

ಹೋದ ಐತವಾರ ಎಲ್ಲಾರೂ ಕೂಡಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋದ್ವಿ. ತಮ್ಮ ಗಾಡಿ ಹೊಡದ. ಅವನ ಹೆಂಡತಿ ಮುಂದ, ಎರಡು ವರ್ಷದ ಪುಟ್ಟಿ ಆಕಿ ತೊಡಿ ಮ್ಯಾಲ. ಹಿಂದ ನಾನು, ನಮ್ಮ ಮನಿಯವರು, ನಡುವ ಎಪ್ಪತ್ತನಾಕು ವರ್ಷದ ಅವ್ವ. ಅವ್ವ ಬೆಲ್ಟ್ ಹಾಕ್ಕೊಳ್ಳಲಿಲ್ಲ. "ಹಿಂದ ಕೂತವರಿಗೆ ಯಾತಕ್ಕವಾ ಅದು, ಸೀರಿ ಮುದ್ದಿ ಆಗತದ" ಅಂದ್ಲು. ಖರೇ ಹೇಳಬೇಕಂದ್ರ ನಾನೂ ಹಾಕ್ಕೊಂಡಿರಲಿಲ್ಲ.

ಹಾದಿಯೊಳಗ ಒಂದು ಎಮ್ಮಿ ಅಡ್ಡ ಬಂತು. ತಮ್ಮ ಬ್ರೇಕ್ ಒತ್ತಿದ. ಗಾಡಿ ನಿಂತ್ತು, ಅವ್ವ ನಿಲ್ಲಲಿಲ್ಲ. ಮುಂದಿನ ಎರಡೂ ಸೀಟಿನ ನಡುವ ಜಾರಿ ಹೋಗಿ, ಗೇರಿನ ಹತ್ರ ಕೈ ಊರಿ ಉಳಕೊಂಡ್ಲು. ಪುಟ್ಟಿ ತಲಿ ಡ್ಯಾಶ್‌ಬೋರ್ಡಿಗೆ ಬಡಿಯೋಕ ನಾಕು ಬೆರಳು ಉಳದಿತ್ತು. ಯಾರಿಗೂ ಏನೂ ಆಗಲಿಲ್ಲ, ಎಮ್ಮಿ ಬಾಲಾ ಬೀಸಿ ಹೋತು. "ಬ್ರೇಕ್ ನೋಡಿದ್ಯಾ ಅಕ್ಕಾ, ಹೆಂಗ ಹಿಡೀತು!" ಅಂದ ತಮ್ಮ. ನನಗ ಎದಿ ಡವಡವ ಅನ್ನಾಕತ್ತಿತ್ತು.

ಆವತ್ತಿಂದ ನಾನು ಈ ಗಾಡಿ ಬಗ್ಗೆ ಕೂತು ಓದೇನಿ. ಓದಿದ ಮ್ಯಾಲ ನನಗ ಅನಿಸಿದ್ದು ಇಷ್ಟು: ಇಷ್ಟೆಲ್ಲಾ ರೊಕ್ಕ ಕೊಟ್ಟು ಛಲೊ ಗಾಡಿ ತರತೀವಿ, ಅದರೊಳಗ ಹೆಂಗ ಕೂಡಬೇಕು ಅನ್ನೋದು ಕಲಿಯಂಗಿಲ್ಲ. ಇದರಾಗ ಗಂಡಸರ ತಪ್ಪು ಎಷ್ಟದನೋ, ನಮ್ಮ ಹೆಣ್ಣುಮಕ್ಕಳದೂ ಅಷ್ಟೇ ಅದ.

ಮದಲ ಗಾಡಿಯ ಗುಣಾ ಹೇಳಿಬಿಡತೀನಿ, ಹೊಟ್ಟಿಕಿಚ್ಚು ಅನ್ನಬಾರದಲ್ಲ. ಟರ್ಬೊ ಅಂದ್ರ ಎಂಜಿನ್ನಿಗೆ ಊದುಗೊಳವಿ ಇದ್ದಂಗ. ಇಲ್ಲಿ ಊದೋ ಜೋರು ಎಂಜಿನ್ ಹೊರಗ ಬಿಡೋ ಹೊಗಿಯಿಂದನ ಬರತದ. ಆ ಹೊಗಿ ಒಂದು ಸಣ್ಣ ಚಕ್ರ ತಿರಗಸತದ, ಅದಕ್ಕ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿ ಒತ್ತಿ ಒಳಗ ತುಂಬತದ. ಗಾಳಿ ಹೆಚ್ಚಾದ್ರ ಪೆಟ್ರೋಲೂ ಹೆಚ್ಚು ಉರಸಬಹುದು, ಹಂಗಾಗಿ ಸಣ್ಣ ಎಂಜಿನ್ನೇ ದೊಡ್ಡದರ ಕೆಲಸಾ ಮಾಡತದ. ಜೋರು ಬ್ಯಾಡಾದಾಗ ನಾಕು ಸಿಲಿಂಡರಿನ್ಯಾಗ ಎರಡು ತಾನೇ ಬಂದ್ ಆಗತಾವ, ನಾವು ಹಾಲಿಗೆ ಒಂದು ಬರ್ನರ್ ಇಟ್ಟು ಉಳದದ್ದು ಆರಸಿದಂಗ. ಡಿಎಸ್‌ಜಿ ಗೇರಿಗೆ ಎರಡು ಕ್ಲಚ್. ಒಂದು ಈಗಿನ ಗೇರ್ ಹಿಡದಿದ್ರ ಇನ್ನೊಂದು ಮುಂದಿನದನ್ನ ತಯಾರ ಇಟ್ಟಿರತದ. ಒಂದು ಚಪಾತಿ ಹಂಚಿನ ಮ್ಯಾಲ ಇರೂದ್ರಾಗ ಇನ್ನೊಂದು ಲಟ್ಟಿಸಿ ಇಟ್ಕೋತೀವಲ್ಲ, ಹಂಗ.

ಇದಕ್ಕಿಂತ ನನಗ ಹಿಡಿಸಿದ್ದು ಗಾಡಿಯ ಮೈ. ಗಿಡದಿಂದ ಬಿದ್ದ ತೆಂಗಿನಕಾಯಿ ಯಾಕ ಸುಮ್ಮಸುಮ್ಮನ ಒಡಿಯಂಗಿಲ್ಲ? ಹೊರಗ ನಾರು, ಒಳಗ ಕರಟ. ನಾರು ಜಜ್ಜಿ ಹೊಡತ ನುಂಗತದ, ಕರಟ ಗಟ್ಟಿ ನಿಂತು ಒಳಗಿಂದು ಕಾಯತದ. ಈಗಿನ ಗಾಡಿ ಕಟ್ಟೋದೂ ಹಂಗ. ಮುಂದಿನ ಭಾಗ ಬೇಕಂತನ ಮಡಚಿಕೊಳ್ಳೊ ಹಂಗ ಮಾಡಿರತಾರ, ನಾವು ಕೂಡೋ ಜಾಗಾ ಮಾತ್ರ ಮುರಿಯಬಾರದು. ಎರಡೂ ಬಾಗಲ ನಡುವಿನ ಕಂಬದಂಥ ಕಡೆ ಹಾಕೋ ಉಕ್ಕನ್ನ 900 ಡಿಗ್ರಿ ಸುತ್ತಮುತ್ತ ಕಾಸಿ, ಅಚ್ಚಿನೊಳಗ ಒತ್ತಿ, ಅಲ್ಲೇ ಒಮ್ಮೆಲೇ ತಂಪು ಮಾಡತಾರ. ಕಮ್ಮಾರ ಕುಡಗೋಲು ಕಾಸಿ ನೀರಿಗೆ ಅದ್ದತಾನಲ್ಲ, ಅದೇ ವಿದ್ಯೆ. "ಹಳೇ ಗಾಡಿ ಗಟ್ಟಿ ಇದ್ವು, ಈಗಿನವು ಮುಟ್ಟಿದ್ರ ಬಗ್ಗತಾವ" ಅಂತ ನಮ್ಮ ಮಾಮಾ ಅಂತಿರತಾರ. ಮಾಮಾ, ಮುಂದಿನ ಭಾಗ ಬಗ್ಗಲೇಬೇಕ್ರಿ. ಅದು ಬಗ್ಗದಿದ್ರ ಆ ಹೊಡತ ನಮ್ಮ ಎದಿಗೆ ಬರತದ.

ಇನ್ನೊಂದು, ಇಎಸ್‌ಸಿ ಅಂತ ಅದ. ಮಳಿಗಾಲದಾಗ ಅರಬೈಲ್ ಘಟ್ಟ ಇಳಿದವರಿಗೆ ಇದರ ಬೆಲಿ ತಿಳೀತದ. ಸ್ಟೇರಿಂಗ್ ತಿರುವಿದ ಕಡೆ ಗಾಡಿ ತಿರುಗದ ಜಾರಾಕತ್ತಿದ್ರ, ಅದು ತಾನೇ ತಿಳಕೊಂಡು ಬೇಕಾದ ಒಂದೇ ಗಾಲಿಗೆ ಬ್ರೇಕ್ ಹಾಕಿ ಗಾಡಿನ್ನ ಹಾದಿಗೆ ತರತದ. ಎಷ್ಟೇ ಹುಷಾರಿ ಇದ್ರೂ ಗಾಡಿ ಹೊಡೆಯೋರಿಗೆ ಒಂದೇ ಬ್ರೇಕ್ ಪೆಡಲ್, ನಾಕು ಗಾಲಿಗೆ ಬ್ಯಾರೆ ಬ್ಯಾರೆ ಒತ್ತಾಕ ಬರಂಗಿಲ್ಲ.

ಈಗ ಆ ಐದು ಸ್ಟಾರಿಗೆ ಬರ್ತೀನಿ. 2022ರ ಅಕ್ಟೋಬರಿನ್ಯಾಗ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆ ಈ ಗಾಡಿನ್ನ ಗುದ್ದಿಸಿ ನೋಡ್ತು. ದೊಡ್ಡವರ ರಕ್ಷಣೆಗೆ 34ರಾಗ 29.64 ಅಂಕ, ಮಕ್ಕಳ ರಕ್ಷಣೆಗೆ 49ರಾಗ 42. ಎರಡರಾಗೂ ಐದು ಸ್ಟಾರ್. ಮುಂದಿನಿಂದ ಗುದ್ದಿಸೋವಾಗ ಗಾಡಿಯ ವೇಗ ಗಂಟೆಗೆ 64 ಕಿ.ಮೀ. ಒಳಗ ಮನುಷ್ಯಾರ ಬದಲಿ ಬೊಂಬಿ ಕೂಡಿಸಿರತಾರ. ಆ ಬೊಂಬಿಗೋಳು ಬೆಲ್ಟ್ ಹಾಕ್ಕೊಂಡಿರತಾವ. ಒಂದೂವರಿ ವರ್ಷದ, ಮೂರು ವರ್ಷದ ಕೂಸಿನ ಅಳತಿ ಬೊಂಬಿಗೋಳು ಹಿಂದಿನ ಸೀಟಿನ್ಯಾಗ, ಮಕ್ಕಳ ಸೀಟಿನೊಳಗ ಕಟ್ಟಿಸಿಕೊಂಡು ಕೂತಿರತಾವ. ಯಾವ ಬೊಂಬಿನೂ ಅವ್ವನ ತೊಡಿ ಮ್ಯಾಲ ಇರಂಗಿಲ್ಲ, ಯಾವ ಬೊಂಬಿಗೂ ಸೀರಿ ಮುದ್ದಿ ಆಗೋ ಚಿಂತಿ ಇಲ್ಲ. ಅಂದ್ರ ನಮ್ಮ ಗುಂಪಿನ್ಯಾಗ ಓಡಾಡೋ ಆ ಐದು ಸ್ಟಾರ್ ಬೆಲ್ಟ್ ಹಾಕ್ಕೊಂಡವರಿಗೆ ಬಂದದ್ದು. ನಮ್ಮ ಅವ್ವಗ, ಪುಟ್ಟಿಗೆ ಆವತ್ತು ಅದರಾಗಿನ ಒಂದು ಸ್ಟಾರೂ ಸಿಕ್ಕಿರಲಿಲ್ಲ.

ಜೋರು ಅಂದ್ರ ಎಷ್ಟು ಅಂತ ನಮಗ ಅಂದಾಜು ಇಲ್ಲ. ಗಂಟೆಗೆ 50 ಕಿ.ಮೀ. ವೇಗದಾಗ ಗ್ವಾಡಿಗೆ ಬಡಿಯೋದೂ ಸುಮಾರು 10 ಮೀಟರ್ ಎತ್ತರದಿಂದ, ಅಂದ್ರ ಮೂರನೇ ಅಂತಸ್ತಿನಿಂದ ಕೆಳಗ ಬೀಳೋದೂ ಒಂದೇ. 100 ಕಿ.ಮೀ. ಆದ್ರ ಆ ಎತ್ತರ ಎರಡು ಪಟ್ಟಲ್ಲ, ನಾಕು ಪಟ್ಟು ಆಗತದ, ಹತ್ರಹತ್ರ 40 ಮೀಟರ್. ಗಾಡಿ ನಿಂತ್ರೂ ಒಳಗಿನವರು ಅದೇ ವೇಗದಾಗ ಮುಂದ ಹೊಂಟಿರತಾರ. 50ರ ವೇಗದಾಗ ಅರ್ಧ ಮೀಟರಿನೊಳಗ ನಿಲ್ಲಬೇಕಾದ್ರ 10 ಕೆ.ಜಿ. ಕೂಸು ಹಿಡಿಯೋ ಕೈಗೆ 200 ಕೆ.ಜಿ. ಹತ್ರ ಎಳೀತದ. ಐವತ್ತು ಕೆ.ಜಿ.ದ ನಾಕು ಜೋಳದ ಚೀಲ! "ನಾ ಗಟ್ಟಿ ಹಿಡಕೋತೀನಿ" ಅನ್ನೋ ತಾಯಿ ಯಾರೇ ಇರಲಿ, ಆಕಿ ಪ್ರೀತಿಗೆ ಅಷ್ಟು ಬಲಾ ಇರಂಗಿಲ್ಲ. ಇದನ್ನ ಬರಿಯೋವಾಗ ನನಗೂ ಸಂಕಟ ಆಗತದ, ಯಾಕಂದ್ರ ನನ್ನ ಇಬ್ಬರೂ ಮಕ್ಕಳನ್ನ ನಾನು ಹಂಗೇ ಮುಂದಿನ ಸೀಟಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಓಡಾಡೇನಿ.

ಏರ್‌ಬ್ಯಾಗ್ ಅದಲ್ಲ ಅಂತೀರಿ. ಗುದ್ದಿದ ಮ್ಯಾಲ ಅದು ಉಬ್ಬೋದು 30–40 ಮಿಲಿಸೆಕೆಂಡಿನೊಳಗ, ಕಣ್ಣು ಪಿಳುಕಿಸೋಕ ಮದಲ. ತಲಿದಿಂಬಿನಂಗ ಮೆತ್ತಗ ಬರಂಗಿಲ್ಲ, ಬಡದು ಬರತದ. ಬೆಲ್ಟ್ ನಮ್ಮನ್ನ ಸೀಟಿಗೆ ಹಿಡದಿದ್ರ ಮಾತ್ರ ಅದು ಪೂರ್ತಿ ಉಬ್ಬಿದ ಮ್ಯಾಲ ನಾವು ಅದನ್ನ ಮುಟ್ಟತೀವಿ. ಛಲೊ ಗಾಡಿಯೊಳಗ ಬೆಲ್ಟಿಗೂ ಸಣ್ಣ ಮದ್ದು ಇರತದ, ಗುದ್ದಿದ ಕೂಡ್ಲೇ ಸಿಡದು ಸಡಿಲ ಬೆಲ್ಟನ್ನ ಬಿಗೀತದ. ಏರ್‌ಬ್ಯಾಗಿನ ಮುಚ್ಚಳದ ಮ್ಯಾಲ ಎಸ್‌ಆರ್‌ಎಸ್ ಅಂತ ಬರದಿರತಾರ ನೋಡ್ರಿ, ಅದರ ಮದಲನೇ ಅಕ್ಷರದ ಅರ್ಥ ಪೂರಕ. ಊಟ ಬೆಲ್ಟು, ಏರ್‌ಬ್ಯಾಗ್ ಉಪ್ಪಿನಕಾಯಿ. ತೊಡಿ ಮ್ಯಾಲಿನ ಕೂಸಿಗೆ ಆ ಏರ್‌ಬ್ಯಾಗೇ ಮೃತ್ಯು ಆಗಬಹುದು.

ಹಿಂದ ಕೂತವರಿಗೆ ಯಾತಕ್ಕ ಅನ್ನೋ ಅವ್ವನ ಮಾತಿಗೆ ಉತ್ತರ ನಮ್ಮ ದೇಶಾನೇ ನೋಡೇದ. 2022ರ ಸೆಪ್ಟೆಂಬರ್ 4ಕ್ಕ ಮಹಾರಾಷ್ಟ್ರದ ಪಾಲ್ಘರ್ ಹತ್ರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ್ರು. ಕೂತದ್ದು ಮರ್ಸಿಡಿಸ್ ಗಾಡಿ, ರೊಕ್ಕಕ್ಕ ಕೊರತಿ ಇಲ್ಲ. ಮುಂದ ಕೂತ ಇಬ್ಬರು ಗಾಯ ಆಗಿ ಉಳದ್ರು. ಹಿಂದ ಕೂತ ಇಬ್ಬರೂ ಹೋದ್ರು, ಅವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ರು. ಕಾಯ್ದೆನೂ ಹಿಂದಿನವರು ಬೆಲ್ಟ್ ಹಾಕಲೇಬೇಕು ಅಂತದ, ಇಲ್ಲಂದ್ರ ಸಾವಿರ ರೂಪಾಯಿ ದಂಡ. ನಾವು ಆ ದಂಡಕ್ಕೂ ಹೆದರಂಗಿಲ್ಲ. ಹಿಂದ ಬೆಲ್ಟ್ ಇಲ್ಲದ ಕೂತವರು ಮುಂದಿನವರ ಬೆನ್ನಿಗೂ ಬಡೀತಾರ, ಅದನ್ನೂ ಮರೀಬ್ಯಾಡ್ರಿ.

ಗಂಡಸರು ಒಂದು ವಾದಾ ಹೂಡತಾರ: "ಪಿಕಪ್ ಇದ್ರ ಓವರ್‌ಟೇಕ್ ಲಗೂನ ಆಗತದ, ಅದೂ ಸುರಕ್ಷತಾನೇ." ಅರ್ಧ ಖರೇ. ಎದುರಿನ ಲೇನಿನ್ಯಾಗ ಇರೋ ಹೊತ್ತು ಕಡಿಮಿ ಆಗತದ, ಒಪ್ಪತೀನಿ. ಆದ್ರ ಪಿಕಪ್ ಇದ್ದವರು ಸಣ್ಣ ಸಂದಿಗೂ ನುಗ್ಗತಾರ. 2021ರ ಜನವರಿಯೊಳಗ ನಮ್ಮ ಬೈಪಾಸಿನ್ಯಾಗ, ಇಟಿಗಟ್ಟಿ ಹತ್ರ, ಗೋವಾಕ್ಕ ಹೊಂಟಿದ್ದ ದಾವಣಗೆರಿ ಗೆಳತ್ಯಾರ ಮಿನಿಬಸ್ ಟಿಪ್ಪರಿಗೆ ಬಡದದ್ದು ಯಾರು ಮರತಾರ? ಆವಾಗ ಅದು ಎರಡೇ ಲೇನಿನ ರಸ್ತೆ ಇತ್ತು. ಎದುರಿಂದ ಬರೋ ಗಾಡಿ ಹೆಂಗ ಹೊಡೀತಾರ ಅನ್ನೋದು ನಮ್ಮ 150 ಪಿಎಸ್ ಕೈಯಾಗ ಇರಂಗಿಲ್ಲ. ಬೆಲ್ಟ್ ನಮ್ಮ ಕೈಯಾಗ ಅದ.

ಇನ್ನ ನಾವು ಮಾಡೋ ಕೆಲಸಾ. ಸೀಟ್ ಕವರ್ ಬಣ್ಣ ಆರಸೋರು ನಾವೇ. ಬಾಜೂಕಿನ ಏರ್‌ಬ್ಯಾಗ್ ಮುಂದಿನ ಸೀಟಿನ ಹೊಲಿಗಿ ಒಡದು ಹೊರಗ ಬರತದ. ಬಿಗಿಯಾಗಿ ಕವರ್ ಹೊಲಿಸಿ ಆ ಹೊಲಿಗಿ ಮುಚ್ಚಿದ್ರ ಅದು ಬರೋದೆಲ್ಲಿಂದ? ಡ್ಯಾಶ್‌ಬೋರ್ಡಿನ ಎಡಕ್ಕ ಏರ್‌ಬ್ಯಾಗ್ ಮುಚ್ಚಳದ ಮ್ಯಾಲ ಹಿತ್ತಾಳಿ ಗಣಪತಿ ಅಂಟಿಸೋರೂ ನಾವೇ. ಅದು ಸಿಡದ್ರ ಗಣಪತಿ ನಮ್ಮ ಮಾರಿಗೆ ಬರತಾನ. ಊರಿಂದ ಬರೋವಾಗ ಉಪ್ಪಿನಕಾಯಿ ಭರಣಿ, ಕುಕ್ಕರ್ ಹಿಂದಿನ ಕಾಜಿನ ಹತ್ರ ಮ್ಯಾಲ ಇಟ್ಟಿರತೀವಿ, ಬ್ರೇಕ್ ಹಾಕಿದ್ರ ಅವೂ ತಲಿಗೆ ಹಾರಿ ಬರತಾವ. ಡಿಕ್ಕಿಯೊಳಗ ತಳಕ್ಕ ಇಡ್ರಿ. ಗಂಡಸರು ಮುಂದ ಕಬ್ಬಿಣದ ಗಾರ್ಡ್ ಹಾಕಸತಾರ, ಸರ್ಕಾರ 2017ರ ಡಿಸೆಂಬರಿನ್ಯಾಗನ ಅದನ್ನ ಬ್ಯಾಡ ಅಂದದ. ನಾರು ಜಜ್ಜಬೇಕಾದಲ್ಲಿ ಸಲಾಕಿ ಕಟ್ಟಿದಂಗ ಅದು. ಬೆಲ್ಟಿನ ಕುಂಯ್ ಕುಂಯ್ ಸಪ್ಪಳ ಬಂದ್ ಮಾಡಾಕ ಖಾಲಿ ಕ್ಲಿಪ್ ಮಾರತಾರ, ಅದನ್ನ ಮನಿಯೊಳಗ ಕಂಡ್ರ ಕಸದ ಬುಟ್ಟಿಗೆ ಒಗೀರಿ.

ಸೀರಿ ಮುದ್ದಿ ಆಗೋದಕ್ಕ ನನ್ನ ಉಪಾಯ ಕೇಳ್ರಿ. ಮದಲ ಬೆಲ್ಟ್ ಹಾಕ್ಕೊಂಡು, ಆಮ್ಯಾಲ ಸೆರಗು ಅದರ ಮ್ಯಾಲ ಬಿಟ್ಕೊಳ್ರಿ. ಕೆಳಗಿನ ಪಟ್ಟಿ ಹೊಟ್ಟಿ ಮ್ಯಾಲ ಅಲ್ಲ, ಸೊಂಟದ ಎಲಬಿನ ಮ್ಯಾಲ ಇರಬೇಕು. ಬಸರಿ ಇದ್ದವರು ಹೊಟ್ಟಿ ಕೆಳಗ ಹಾಕ್ಕೋಬೇಕು, ಬಿಡಬಾರದು. ಸಣ್ಣ ಕೂಸಿಗೆ ಮಕ್ಕಳ ಸೀಟೇ ಬೇಕು, ಅದೂ ಹಿಂದ. ಹಿಂದಿನ ಸೀಟಿನ ಸಂದ್ಯಾಗ ಐಸೋಫಿಕ್ಸ್ ಅಂತ ಕಬ್ಬಿಣದ ಕೊಂಡಿ ಇರತಾವ, ಸೀಟು ಅದಕ್ಕ ಕಟಕ್ಕನ ಕೂಡತದ.

ತಮ್ಮಗ ಇದೆಲ್ಲಾ ಹೇಳಿದೆ. "ಅಕ್ಕಾ, ಸನ್‌ರೂಫಿನ ಗಾಡಿ ತಗೊಂಡು ರೊಕ್ಕ ಮುಗದದ, ಮುಂದಿನ ತಿಂಗಳ ನೋಡೋಣು" ಅಂದ. ನಾನು ಬಿಡಲಿಲ್ಲ, ಪುಟ್ಟಿ ಹುಟ್ಟಿದ ಹಬ್ಬದ ಉಡುಗೊರಿ ಅಂತ ನಾನೇ ಸೀಟ್ ತರಿಸಿದೆ. ಮದಲನೇ ದಿವಸ ಪುಟ್ಟಿ ಕಲಘಟಗಿ ತನಕಾ ಅತ್ಲು. ಎರಡನೇ ಸಲ ಹತ್ತು ನಿಮಿಷ ಅತ್ತು ಮಲಗಿದ್ಲು. ಅವ್ವ ಇನ್ನೂ ವಟವಟ ಅಂತಾಳ, ಆದ್ರ ನಡುವ ಕೂತು ತಾನೇ ಬೆಲ್ಟಿನ ತುದಿ ಹುಡುಕತಾಳ.

ಹೊಸಾ ಗಾಡಿ ಪೂಜಾ ಮಾಡ್ರಿ, ಗಾಲಿ ಕೆಳಗ ಲಿಂಬಿಹಣ್ಣೂ ಇಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಈ ದೀಪಾವಳಿಗೆ ಯಾರ ಮನಿಗೆ ಗಾಡಿ ಬರತದೋ, ಸೀಟ್ ಕವರಿನ ಅಳತಿ ಕೊಡೋಕಿಂತ ಮದಲ ನನಗೊಂದು ಫೋನ್ ಮಾಡ್ರಿ.