ನಷ್ಟ ಬಂದಾಗ ಯಾರ ಜೇಬಿಗೆ ಕತ್ತರಿ?

‘ನಾಯಕತ್ವದ ಗುಣ ಅಂದರೇನು?’ ಕ್ಯಾಂಪಸ್ ಸಂದರ್ಶನಗಳಲ್ಲಿ ಈ ಪ್ರಶ್ನೆ ಎದುರಾಗುವುದು ಸಾಮಾನ್ಯ. ಆತ್ಮವಿಶ್ವಾಸ, ಸಂವಹನ ಕೌಶಲ, ತಂಡವನ್ನು ಒಗ್ಗೂಡಿಸುವ ಶಕ್ತಿ ಎಂದು ಬಾಯಿಪಾಠ ಒಪ್ಪಿಸಿ ಬರುತ್ತೇವೆ. ನನ್ನ ಪ್ರಕಾರ ನಿಜವಾದ ಪರೀಕ್ಷೆ ಬೇರೆ. ಸಂಸ್ಥೆ ಮುಳುಗುತ್ತಿರುವಾಗ ಮೇಲೆ ಕುಳಿತವರು ಮೊದಲು ಯಾರ ಜೇಬಿಗೆ ಕತ್ತರಿ ಹಾಕುತ್ತಾರೆ ಎಂಬುದನ್ನು ನೋಡಬೇಕು.

ವಿಡಿಯೊ ಗೇಮ್ ಲೋಕದಲ್ಲಿ ಇದಕ್ಕೊಂದು ಉದಾಹರಣೆ ಇದೆ. ಜಪಾನಿನ ನಿಂಟೆಂಡೊ ಕಂಪನಿ 2006ರಲ್ಲಿ ತಂದ ‘ವೀ’ ಕನ್ಸೋಲ್ 10 ಕೋಟಿಗೂ ಹೆಚ್ಚು ಮಾರಾಟವಾಯಿತು. 2012ರಲ್ಲಿ ಬಂದ ‘ವೀ ಯು’ ಮಾತ್ರ ನೆಲಕಚ್ಚಿತು. ಇದು ಹೊಸ ಯಂತ್ರವೋ, ಹಳೆಯದಕ್ಕೆ ಜೋಡಿಸುವ ಬಿಡಿಭಾಗವೋ ಎಂಬುದೇ ಎಷ್ಟೋ ಗ್ರಾಹಕರಿಗೆ ತಿಳಿಯಲಿಲ್ಲ. 2014ರ ಜನವರಿಯಲ್ಲಿ ಕಂಪನಿ ಅದರ ವಾರ್ಷಿಕ ಮಾರಾಟದ ಅಂದಾಜನ್ನು 90 ಲಕ್ಷದಿಂದ 28 ಲಕ್ಷಕ್ಕೆ ಇಳಿಸಬೇಕಾಯಿತು. ಆಗ ಅಧ್ಯಕ್ಷ ಸಟೋರು ಇವಾಟಾ ಐದು ತಿಂಗಳು ತಮ್ಮ ಸಂಬಳವನ್ನೇ ಅರ್ಧಕ್ಕೆ ಇಳಿಸಿಕೊಂಡರು. ಕೆಲಸ ಹೋದೀತೆಂಬ ಭಯದಲ್ಲಿರುವವರು ಜನ ಮೆಚ್ಚುವ ಗೇಮ್ ಮಾಡಲಾರರು ಎಂಬುದು ಅವರ ನಿಲುವಾಗಿತ್ತು.

ಆಳಾಗಬಲ್ಲವನು ಅರಸನಾಗಬಲ್ಲ ಎಂಬ ಗಾದೆ ಅವರಿಗೆ ಒಪ್ಪುತ್ತದೆ. ಇವಾಟಾ ಮೂಲತಃ ಪ್ರೋಗ್ರಾಮರ್. 1993ರಲ್ಲಿ ಸಾಲದಲ್ಲಿ ಮುಳುಗಿದ್ದ ‘ಹ್ಯಾಲ್ ಲ್ಯಾಬೊರೇಟರಿ’ಯ ಅಧ್ಯಕ್ಷರಾದಾಗ ಪ್ರತಿಯೊಬ್ಬ ನೌಕರನ ಜೊತೆಗೂ ಮಾತನಾಡಿ, ಸಮಸ್ಯೆ ಅರಿತು, ಸಂಸ್ಥೆಯನ್ನು ದಡ ಸೇರಿಸಿದ್ದರು.

ಸಂಬಳ ಬಿಟ್ಟುಕೊಟ್ಟ ಮಾತ್ರಕ್ಕೆ ಬ್ರ್ಯಾಂಡ್ ಬದುಕುವುದಿಲ್ಲ, ನಿಜ. ‘ವೀ ಯು’ ಕೊನೆಗೂ ಚೇತರಿಸಿಕೊಳ್ಳಲಿಲ್ಲ. ಆದರೆ ಮನೆಯ ಕನ್ಸೋಲ್ ಹಾಗೂ ಕೈಯಲ್ಲಿ ಹಿಡಿದು ಆಡುವ ಸಾಧನ ತಯಾರಿಸುವ ಎರಡು ತಂಡಗಳನ್ನು 2013ರಲ್ಲೇ ಒಂದು ಮಾಡಲಾಗಿತ್ತು. ಮುಂದೆ ಟಿ.ವಿ.ಗೂ ಜೋಡಿಸಬಹುದಾದ, ಬಸ್ಸಿನಲ್ಲೂ ಆಡಬಹುದಾದ ‘ಸ್ವಿಚ್’ ಬಂತು. 2017ರಲ್ಲಿ ಬಿಡುಗಡೆಯಾದ ಅದು 15 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅದನ್ನು ನೋಡಲು ಇವಾಟಾ ಇರಲಿಲ್ಲ, 2015ರಲ್ಲೇ ತೀರಿಕೊಂಡಿದ್ದರು. ಅವರು ಉಳಿಸಿಕೊಂಡ ಕೈಗಳು ಇದ್ದವು.

ಇನ್ನೊಂದು ಪಾಠ ಮೈಕ್ರೊಸಾಫ್ಟ್‌ನದು. 2013ರಲ್ಲಿ ‘ಎಕ್ಸ್‌ಬಾಕ್ಸ್ ಒನ್’ ಜೊತೆ ಕೈನೆಕ್ಟ್ ಕ್ಯಾಮೆರಾವನ್ನೂ ಕಡ್ಡಾಯವಾಗಿ ಕೊಳ್ಳಬೇಕಿತ್ತು. ಬೆಲೆ 499 ಡಾಲರ್. ಎದುರಾಳಿ ಪ್ಲೇಸ್ಟೇಷನ್‌ಗೆ 399. ಮರುವರ್ಷ ನಮ್ಮ ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲಾ ಕಂಪನಿಯ ಸಿಇಒ ಆದರು, ಫಿಲ್ ಸ್ಪೆನ್ಸರ್ ಎಕ್ಸ್‌ಬಾಕ್ಸ್ ಹೊಣೆ ಹೊತ್ತರು. ಕೆಲವೇ ತಿಂಗಳಲ್ಲಿ ಕ್ಯಾಮೆರಾ ಇಲ್ಲದ ಕನ್ಸೋಲ್ 399 ಡಾಲರ್‌ಗೆ ಬಂತು. ಪ್ಲೇಸ್ಟೇಷನ್ ಅನ್ನು ಹಿಂದಿಕ್ಕಲಾಗದಿದ್ದರೂ ಗ್ರಾಹಕರ ಮಾತು ಕೇಳಿ ಬ್ರ್ಯಾಂಡ್ ಉಳಿಯಿತು.

ಇದೆಲ್ಲ ನಮಗೇಕೆ? ಬ್ರ್ಯಾಂಡ್ ಎನ್ನುವುದು ದೊಡ್ಡ ಕಂಪನಿಗಳ ಸ್ವತ್ತಲ್ಲ. ಮೊಳಕಾಲ್ಮುರು ರೇಷ್ಮೆ ಸೀರೆಯೂ ಬ್ರ್ಯಾಂಡೇ. ಜಿಐ ಟ್ಯಾಗ್ ಪಡೆದ ಬ್ರ್ಯಾಂಡ್. ಆದರೂ ವಿದ್ಯುತ್ ಮಗ್ಗದ ಅಗ್ಗದ ಸೀರೆಗಳ ಎದುರು ನಮ್ಮ ಕೈಮಗ್ಗ ಏದುಸಿರು ಬಿಡುತ್ತಿದೆ. ನೂಲಿನ ಬೆಲೆ ಏರಿದರೂ, ವ್ಯಾಪಾರ ಇಳಿದರೂ ಮೊದಲ ಏಟು ಕೂಲಿಗೆ ನೇಯುವ ನೇಕಾರನಿಗೆ. ಮಗ್ಗದ ಮನೆಯ ಮಕ್ಕಳು ಬೆಂಗಳೂರಿನ ಬಸ್ ಹತ್ತುತ್ತಿದ್ದಾರೆ. ಹೋದ ಕೈಗಳನ್ನು ಯಾವ ಜಾಹೀರಾತೂ ಮರಳಿ ತರಲಾರದು. ಪಕ್ಕದ ಚಳ್ಳಕೆರೆಯನ್ನೇ ನೋಡಿ. ಎಷ್ಟೋ ಎಣ್ಣೆ ಮಿಲ್‌ಗಳು ಬಾಗಿಲು ಹಾಕಿವೆ. ‘ಎಣ್ಣೆ ನಗರ’ ಎಂಬ ಹೆಸರು ಮಾತ್ರ ಉಳಿದಿದೆ.

ಹಾಗಾಗಿ ಸೀರೆ ಉಳಿಯಬೇಕಾದರೆ ಸಹಕಾರ ಸಂಘಗಳ ಮುಖಂಡರು, ವ್ಯಾಪಾರಿಗಳು ಕಷ್ಟದ ವರ್ಷದಲ್ಲಿ ನೇಕಾರನ ಕೂಲಿಗೆ ಮುಂಚೆ ತಮ್ಮ ಲಾಭಕ್ಕೆ ಕತ್ತರಿ ಹಾಕಬೇಕು. ಓದಿದ ನಮಗೂ ಕೆಲಸವಿದೆ. ಜಿಐ ಹೆಸರನ್ನು ಬಳಸಲು ನೇಕಾರರು ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಬೇಕು. ಬಿ.ಕಾಂ. ಓದಿದವರು ಆ ಅರ್ಜಿ ತುಂಬಿಕೊಡಬಹುದು. ಬಿಸಿಎ ಓದಿದವರು ಆನ್‌ಲೈನ್ ಮಾರಾಟಕ್ಕೆ ದಾರಿ ಮಾಡಿ, ಅಸಲಿ ಸೀರೆ ಗುರುತಿಸುವುದು ಹೇಗೆಂದು ಗ್ರಾಹಕರಿಗೆ ತಿಳಿಸಬಹುದು. ಇದಕ್ಕೆ ಹುದ್ದೆ ಬೇಕಿಲ್ಲ.

ಮುಂದಿನ ಸಂದರ್ಶನದಲ್ಲಿ ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ?’ ಎಂದು ಕೇಳಿದರೆ ಸುಮ್ಮನಿರಬೇಡಿ. ಹಿಂದಿನ ಸಲ ನಷ್ಟ ಬಂದಾಗ ಮೊದಲು ಕಡಿತವಾದದ್ದು ಯಾರ ಸಂಬಳ ಎಂದು ಕೇಳಿ. ಆ ಸಂಸ್ಥೆಯಲ್ಲಿ ನಾಯಕರಿದ್ದಾರೋ ಇಲ್ಲವೋ ಉತ್ತರದಲ್ಲೇ ಗೊತ್ತಾಗುತ್ತದೆ.